ಊಟ ಬಿಟ್ಟ ಅಪ್ಪನಿಗೆ ಮೂಗಿನ ನಳಿಗೆ ಬೇಕಾ?

ಕ್ಯಾನ್ಸರಿನ ಕೊನೇ ಹಂತದಲ್ಲಿ ಅಪ್ಪ ಊಟ ಬಿಟ್ಟಿದ್ದಾರೆ, ಮೂಗಿನ ಮೂಲಕ ಆಹಾರ ಕೊಡುವ ನಳಿಗೆ ಹಾಕಿಸಲೇಬೇಕಾ ಅಂತ ಕೇಳಿದ್ದೀರಿ. ನಮ್ಮ ಅತ್ತೆಗೂ ಹೀಗೇ ಆಗಿತ್ತು. ನಾವು ಹಾಕಿಸಲಿಲ್ಲ. ಕೊನೇ ದಿನಗಳಲ್ಲಿ ಹಸಿವು ತಾನಾಗಿಯೇ ಕಮ್ಮಿ ಆಗುತ್ತದೆ. ಬಲವಂತಕ್ಕೆ ಗಂಜಿ ಕುಡಿಸಿದರೆ ನೆತ್ತಿಗೆ ಹತ್ತುತ್ತದೆ, ಅಷ್ಟೇ. ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಒರೆಸುತ್ತಿದ್ದೆವು. ಕೇಳಿದಾಗ ಮಾತ್ರ ಅರ್ಧ ಚಮಚ ಎಳನೀರು. ಅದಕ್ಕೇ ಮುಖ ಅರಳುತ್ತಿತ್ತು!

ನೆಂಟರು "ಉಪವಾಸ ಕೆಡವಿದ್ದೀರಾ" ಅಂತಾರೆ, ಅನ್ನಲಿ ಬಿಡಿ.

ನೋವಿಗೆ ಮಾರ್ಫಿನ್ ಬರೆದುಕೊಟ್ಟರೆ ಹೆದರಬೇಡಿ. ಮಲಬದ್ಧತೆ ಜಾಸ್ತಿ ಆಗುತ್ತದೆ, ಅದಕ್ಕೂ ಔಷಧಿ ಕೇಳಿ ಬರೆಸಿಕೊಳ್ಳಿ. ನೀವು ಬೆಂಗಳೂರಿನಲ್ಲೇ ಇದ್ದರೆ ಮಾರತಹಳ್ಳಿ ಕಡೆಯ ಕರುಣಾಶ್ರಯ ಅನ್ನೋ ಆರೈಕೆ ಕೇಂದ್ರಕ್ಕೆ ಫೋನ್ ಮಾಡಿ. ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಆರೈಕೆ ಉಚಿತ. ಮನೆಗೂ ಬಂದು ನೋಡುತ್ತಾರೆ. ಅಂದಹಾಗೆ, ರಾತ್ರಿ ಅಪ್ಪನ ಹತ್ತಿರ ಯಾರು ಮಲಗುತ್ತಿದ್ದೀರಿ?