ಕಿವಿ ಆಪರೇಷನ್‌ಗೆ ಮೊದಲು ಸ್ಕ್ಯಾನ್ ಬೇಕಾ?

ಪ್ರಶ್ನೆ: ನನಗೆ 34 ವರ್ಷ. ಎರಡೂ ಕಿವಿ ಮಂದ, ಬಲಗಿವಿ ಜಾಸ್ತಿ. ಓಟೋಸ್ಕ್ಲೆರೋಸಿಸ್ ಅಂತೆ, ಒಳಗಿನ ಸಣ್ಣ ಮೂಳೆ ಅಲ್ಲಾಡುತ್ತಿಲ್ಲವಂತೆ. ಆಪರೇಷನ್‌ಗೆ ಮೊದಲು ಸಿಟಿ ಸ್ಕ್ಯಾನ್ ಬರೆದಿದ್ದಾರೆ. ನನ್ನ ಗೆಳತಿಗೆ ಸ್ಕ್ಯಾನ್ ಇಲ್ಲದೆಯೇ ಆಪರೇಷನ್ ಆಯಿತು, ಈಗ ಆರಾಮಾಗಿ ಕೇಳಿಸುತ್ತಿದೆ. ನನಗೆ ಮಾತ್ರ ಯಾಕೆ? ಏನು ತೊಂದರೆ ಬರಬಹುದು ಅಂತ ಮೊದಲೇ ಗೊತ್ತಾಗುತ್ತದಾ?

ಉತ್ತರ: ಸ್ವಲ್ಪ ಗೊತ್ತಾಗುತ್ತದೆ, ಪೂರ್ತಿ ಇಲ್ಲ. ಸ್ಕ್ಯಾನ್ ಇಲ್ಲದೆ ಆಪರೇಷನ್ ಮಾಡುವವರೂ ಇದ್ದಾರೆ, ಅದೇನು ತಪ್ಪಲ್ಲ. ಆದರೆ ನಾನಾಗಿದ್ದರೆ ಮಾಡಿಸಿಕೊಳ್ಳುತ್ತಿದ್ದೆ.

ಸ್ಟೇಪ್ಸ್ ಅನ್ನುವ ಆ ಮೂಳೆ ದೇಹದಲ್ಲೇ ಅತಿ ಚಿಕ್ಕದು, ಎತ್ತರ ಸುಮಾರು 3 ಮಿಲಿಮೀಟರ್. ಅದರ ತಳದಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ಅಗಲದ ತೂತು ಮಾಡಿ ಪುಟ್ಟ ಪಿಸ್ಟನ್ ಕೂರಿಸುತ್ತಾರೆ. ತೂತಿನ ಆಚೆಗೆ ಒಳಕಿವಿಯ ನೀರು. ಅಪರೂಪಕ್ಕೆ ಕೆಲವರಲ್ಲಿ ಹುಟ್ಟಿನಿಂದಲೇ ಒಳಕಿವಿಗೂ ಮಿದುಳಿನ ಸುತ್ತಲ ನೀರಿಗೂ ನಡುವಿನ ಮೂಳೆಗೋಡೆ ಸರಿಯಾಗಿರುವುದಿಲ್ಲ. ಅಂಥವರಲ್ಲಿ ತೂತು ಬಿದ್ದ ಕೂಡಲೇ ನೀರು ಬುಗ್ಗೆಯ ಹಾಗೆ ಉಕ್ಕುತ್ತದೆ, ಇದ್ದಬದ್ದ ಕೇಳಿಸುವಿಕೆಯೂ ಹೋಗಬಹುದು. ಇಂಥ ಗೋಡೆ ಸಾಮಾನ್ಯವಾಗಿ ಸ್ಕ್ಯಾನಿನಲ್ಲೇ ಕಾಣುತ್ತದೆ. ಮುಖದ ನರ ದಾರಿಗೆ ಅಡ್ಡ ಜೋತುಬಿದ್ದಿದೆಯಾ ಅನ್ನುವುದೂ ಅಷ್ಟೆ.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ ಅನಿಸುವುದು: ಕಾಯಿಲೆಯೇ ಬೇರೆ ಇರಬಹುದು. ಬ್ಯಾಲೆನ್ಸ್ ಕಾಯುವ ಅರ್ಧವೃತ್ತದ ನಾಳವೊಂದರ ಮೇಲಿನ ಮೂಳೆ ಸವೆದು ತೂತಾಗಿದ್ದರೆ ಆಡಿಯೋಗ್ರಾಮ್ (ಎಷ್ಟು ಕೇಳಿಸುತ್ತದೆ ಅಂತ ಅಳೆದ ನಕ್ಷೆ) ಥೇಟ್ ನಿಮ್ಮದರ ಹಾಗೇ ಬರಬಹುದು, ಆಗ ಪಿಸ್ಟನ್ ಹಾಕಿ ಏನೂ ಉಪಯೋಗವಿಲ್ಲ. ಇದಕ್ಕೆ ಸ್ಕ್ಯಾನಿಗಿಂತ ಮೊದಲೇ ಸುಳಿವು ಸಿಗುತ್ತದೆ. ಜೋರು ಸದ್ದಿಗೆ ತಲೆ ಗಿರ್ರನ್ನುತ್ತದಾ? ಕಣ್ಣುಗುಡ್ಡೆ ತಿರುಗಿಸಿದರೆ ಅದರ ಸದ್ದೇ ಕಿವಿಯಲ್ಲಿ ಕೇಳುತ್ತದಾ? ನಗಬೇಡಿ, ನಿಜವಾಗಿಯೂ ಕೇಳಿಸುವವರಿದ್ದಾರೆ! ಹಾಗಿದ್ದರೆ ಡಾಕ್ಟರಿಗೆ ಹೇಳಿ. ರಿಫ್ಲೆಕ್ಸ್ ಟೆಸ್ಟ್, ಅಂದರೆ ಜೋರು ಸದ್ದಿಗೆ ಕಿವಿಯೊಳಗಿನ ಪುಟ್ಟ ಸ್ನಾಯು ತಾನಾಗಿ ಬಿಗಿಯಾಗುತ್ತದಾ ಅಂತ ನೋಡುವ ಪರೀಕ್ಷೆ, ಆಗಿದೆಯಾ ಅಂತಲೂ ಕೇಳಿ. ಮೂಳೆ ಕಚ್ಚಿಕೊಂಡಿದ್ದರೆ ಸಾಮಾನ್ಯವಾಗಿ ರಿಫ್ಲೆಕ್ಸ್ ಬರುವುದಿಲ್ಲ, ಚೆನ್ನಾಗಿ ಬಂದರೆ ಮತ್ತೆ ಯೋಚಿಸಬೇಕು.

ಹಾಗಂತ ಸ್ಕ್ಯಾನ್ ಕ್ಲೀನ್ ಬಂದರೆ ಎಲ್ಲ ಸುಸೂತ್ರ ಅಂತಲ್ಲ. ಪಳಗಿದ ಕೈಯಲ್ಲೂ ನೂರರಲ್ಲಿ ಸುಮಾರು ಒಬ್ಬರಿಗೆ ಆ ಕಿವಿ ಪೂರ್ತಿ ಹೋಗುತ್ತದೆ, ಅದು ಯಾರಿಗೆ ಅಂತ ಯಾವ ಸ್ಕ್ಯಾನೂ ಹೇಳುವುದಿಲ್ಲ. ರುಚಿಯ ನರವೂ ಅಲ್ಲೇ ಹಾದುಹೋಗುತ್ತದೆ, ಅದನ್ನು ಸರಿಸುವಾಗ ಪೆಟ್ಟಾದರೆ ಕೆಲವು ತಿಂಗಳು ನಾಲಿಗೆಯ ಒಂದು ಬದಿ ಲೋಹ ನೆಕ್ಕಿದ ಹಾಗಿರುತ್ತದೆ. ಕಿವಿಯೇ ಹೋಗುವ ಅಪಾಯ ಇರುವುದಕ್ಕೇ ಜಾಸ್ತಿ ಕೆಟ್ಟಿರುವ ಕಿವಿಗೇ ಮೊದಲು ಕೈ ಹಾಕುತ್ತಾರೆ. ನಿಮ್ಮದರಲ್ಲಿ ಬಲಗಿವಿ ಅಲ್ವಾ? ಕೇಳಿ ಖಚಿತ ಮಾಡಿಕೊಳ್ಳಿ.