ನಿಂಬೆ ಗಿಡದಲ್ಲಿ ಕಡಜ ಗೂಡು ಕಟ್ಟಿದೆ, ಕೀಳಬೇಕೇ?

ಓಡಾಡುವ ದಾರಿಯಿಂದ ದೂರವಿದ್ದರೆ ದಯವಿಟ್ಟು ಕೀಳಬೇಡಿ. ಕಾಗದದಂಥ ಗೂಡು ಕಟ್ಟುವ ಈ ಕಡಜ, ನಿಂಬೆ ಎಲೆ ಬೋಳಿಸುವ ಹಸಿರು ಹುಳುಗಳನ್ನು ಹಿಡಿದು, ಅಗಿದು ಉಂಡೆ ಮಾಡಿ ಮರಿಗಳಿಗೆ ತಿನ್ನಿಸುತ್ತದೆ. ಎಲೆಯನ್ನು ಅದು ತಿನ್ನುವುದಿಲ್ಲ. ಮಾಗಿದ ಸೀಬೆ, ಅಂಜೂರ ಕೆರೆಯುವುದುಂಟು, ಅದೂ ಹೆಚ್ಚಾಗಿ ಹಕ್ಕಿ ಕುಕ್ಕಿದ್ದನ್ನೇ. ಗೂಡು ಬಾಗಿಲ ಬಳಿಯಿದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಕುಟುಕಿನ ಅಲರ್ಜಿಯಿದ್ದರೆ ಮಾತ್ರ ತಿಳಿದವರಿಂದ ತೆಗೆಸಿ.

ಕಡಜದ ಬಳಗದಲ್ಲಿ ಸಾಸಿವೆಗಿಂತ ಚಿಕ್ಕವೂ ಇವೆ. ಅವು ನಮ್ಮನ್ನು ಕುಟುಕುವುದಿಲ್ಲ, ಬೇರೆ ಕೀಟದ ಮೈಯೊಳಗೆ ಮೊಟ್ಟೆಯಿಡುತ್ತವೆ, ಹುಟ್ಟಿದ ಮರಿ ಆ ಕೀಟವನ್ನೇ ತಿಂದು ಕೊಲ್ಲುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆಯನ್ನು (ಬಿಳಿ ಹಿಟ್ಟು ಮೆತ್ತಿದಂತಿರುವ, ಗಿಡದ ರಸ ಹೀರುವ ಕೀಟ) ಹತೋಟಿಗೆ ತಂದದ್ದು, 2010ರಲ್ಲಿ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ತರಿಸಿ ಸಾಕಿ ಬಿಟ್ಟ ಅಸೆರೋಫೇಗಸ್ ಪಪಾಯೆ ಎಂಬ ಇಂಥದ್ದೇ ಕೀಟ.

ನೀವು ತಡೆಯಬೇಕಾದ್ದು ಇರುವೆಯನ್ನು. ನಿಂಬೆಗೂ ಹತ್ತುವ ಹಿಟ್ಟು ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಅದು ತಿಗಣೆಯ ಶತ್ರುಗಳನ್ನು ಓಡಿಸುತ್ತದೆ. ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ ಅದರ ಮೇಲೆ ಗ್ರೀಸ್ ಸವರಿ. ನೇರ ಹಚ್ಚಿದರೆ ತೊಗಟೆ ಹಾಳಾಗುತ್ತದೆ. ನೆಲಕ್ಕೋ ಗೋಡೆಗೋ ತಾಗುವ ಕೊಂಬೆ ಉಳಿದರೆ ಇರುವೆ ಅಲ್ಲಿಂದಲೇ ಹತ್ತುತ್ತದೆ, ಕತ್ತರಿಸಿಬಿಡಿ. ತಿಗಣೆ ಆಗಲೇ ಹಬ್ಬಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಬೆರೆಸಿ ಸಂಜೆ ಸಿಂಪಡಿಸಿ. ನೀರಿಗೆ ಮೊದಲು ಚೂರು ಸೋಪು ಕರಗಿಸದಿದ್ದರೆ ಎಣ್ಣೆ ಮೇಲೆ ತೇಲಿ ಎಲೆ ಸುಡುತ್ತದೆ.