ಮಳೆಗೆ ಮೊದಲೇ ಹಾಕಿಸಿಕೊಳ್ಳಿ

ಪ್ರಶ್ನೆ: ನನಗೆ 71. ಸಕ್ಕರೆ ಕಾಯಿಲೆ ಇದೆ. 2022ರಲ್ಲಿ ಕೋವಿಡ್ ಮೂರನೇ ಡೋಸ್ ಹಾಕಿಸಿಕೊಂಡಾಗ ಎರಡು ದಿನ ಜ್ವರ, ಮೈಕೈ ನೋವು. ಈಗ ಮಗಳು ಫ್ಲೂ ಲಸಿಕೆಯೂ ಬೇಕು ಅನ್ನುತ್ತಾಳೆ. ಸುಮ್ನೆ ಯಾಕೆ, ಅಲ್ವಾ?
– ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ನಾನು ಮಗಳ ಪಕ್ಷ. ಫ್ಲೂ ವೈರಸ್ ವರ್ಷವರ್ಷ ವೇಷ ಬದಲಿಸುತ್ತದೆ, ಅದಕ್ಕೇ ಲಸಿಕೆಯೂ ಪ್ರತಿವರ್ಷ. ತೋಳಿಗೆ ಚುಚ್ಚುವ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರುವುದಿಲ್ಲ. ಮಾಮೂಲಿ ನೆಗಡಿಯನ್ನು ಅದು ತಡೆಯುವುದೂ ಇಲ್ಲ, ಆ ಆಸೆ ಬೇಡ! ಆದರೆ ಸಕ್ಕರೆ ಇರುವವರಲ್ಲಿ ಫ್ಲೂ ನ್ಯುಮೋನಿಯಾಗೆ ತಿರುಗುವ ಭಯ ಜಾಸ್ತಿ. ಲಸಿಕೆ ಕೆಲಸ ಮಾಡಲು ಸುಮಾರು ಎರಡು ವಾರ ಬೇಕು. ನಿಮ್ಮೂರಿನ ಮಳೆ ಗೊತ್ತಲ್ಲ, ಮೇ ತಿಂಗಳಲ್ಲೇ ಹಾಕಿಸಿಕೊಳ್ಳಿ. ಕೋವಿಡ್ ಬೂಸ್ಟರ್ ಬೇಕೋ ಬೇಡವೋ, ನಿಮ್ಮ ಸಕ್ಕರೆ ನೋಡುವ ವೈದ್ಯರನ್ನೇ ಕೇಳಿ. ಹಿಂದಿನ ಜ್ವರದ ಕಥೆಯನ್ನೂ ಅವರಿಗೆ ಹೇಳಿ.